ಮಾನ ಹೋದವರಿಗೂ ಮಾನನಷ್ಟ ಉಂಟು

"ಮೇಡಂ, ಅವರ ಮಾನ ಆಗಲೇ ಹೋಗಿತ್ತು. ಹೋದ ಮಾನಕ್ಕೆ ಇನ್ನೆಂಥ ನಷ್ಟ?"

ಈ ಮಾತನ್ನು ನನ್ನ ಆಫೀಸಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಬೇರೆ ಬೇರೆ, ಕಥೆ ಒಂದೇ. ಯಾರೋ ಅಧ್ಯಕ್ಷರೋ ಶಾಸಕರೋ ಹಗರಣದಲ್ಲಿ ಸಿಕ್ಕಿಕೊಳ್ಳುತ್ತಾರೆ. ಕುರ್ಚಿ ಅಲ್ಲಾಡುತ್ತದೆ. ಅವಿಶ್ವಾಸಕ್ಕೆ ದಿನ ಗೊತ್ತಾಗುತ್ತದೆ. ಆ ಒಂದೆರಡು ವಾರ ಊರಿಗೆ ಊರೇ ಅವರನ್ನು ಆಡಿಕೊಳ್ಳುತ್ತದೆ. ಅಣಕು ಶವಯಾತ್ರೆ, ಪ್ರತಿಕೃತಿ ದಹನ, ಟ್ರೋಲ್, ಸ್ಟೇಟಸ್ಸು. ಆಮೇಲೆ ಒಂದು ದಿನ ಒಬ್ಬ ಹುಡುಗ ಲಾಯರ್ ನೋಟಿಸ್ ಹಿಡಿದುಕೊಂಡು ನನ್ನ ಮುಂದೆ ಕೂತಿರುತ್ತಾನೆ. ಕುರ್ಚಿ ಕೊಟ್ಟರೂ ಕೂರದೆ ಅವನ ಅಮ್ಮ ಹಿಂದೆ ನಿಂತಿರುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರದಲ್ಲಿ ಇರುವವರನ್ನು ಆಡಿಕೊಂಡು ನಗುವ ಜನ ನನಗೆ ಇಷ್ಟ. ಅವರ ಪರವಾಗಿ ವಕಾಲತ್ತು ಹಾಕುವುದು ನನಗೆ ಖುಷಿಯ ಕೆಲಸ. ನನ್ನ ಸಿಟ್ಟು ನಗುವಿನ ಮೇಲಲ್ಲ. ನಗುವಿನ ಜೊತೆ ಸುಮ್ನೆ ತೂರಿಸುವ ಒಂದೇ ಒಂದು ಸಾಲಿನ ಮೇಲೆ.

ಒಂದು ಪ್ರಕರಣ ನೋಡಿ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಾಯಿಸಿದ್ದೇನೆ. ಒಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷರು. ಕಟ್ಟದೇ ಇರುವ ಚರಂಡಿಗೆ ಬಿಲ್ ಆಗಿದೆ ಎಂಬ ಆರೋಪ. ಸದಸ್ಯರು ಅವಿಶ್ವಾಸದ ನೋಟಿಸ್ ಕೊಟ್ಟರು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅಧ್ಯಕ್ಷರನ್ನು ಇಳಿಸಲು ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಬೇಕು. ಅಷ್ಟು ಜನ ಕೂಡಿದರು. ಸಭೆಯ ಹಿಂದಿನ ರಾತ್ರಿ, ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬ ಒಂದು ಪೋಸ್ಟರ್ ಮಾಡಿ ಊರಿನ ಗ್ರೂಪಿಗೆ ಬಿಟ್ಟ.

ಆ ಪೋಸ್ಟರನ್ನು ನಾನು ಅವನ ಫೋನಿನಲ್ಲೇ ನೋಡಿದೆ. ಗಾಜು ಒಡೆದಿತ್ತು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಬೇಕಾಯಿತು. ಮೇಲೆ ದೊಡ್ಡ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಅಧ್ಯಕ್ಷರು ಚುನಾವಣೆಗೆ ತೆಗೆಸಿದ್ದ, ಕೈಮುಗಿದಿರುವ ಫೋಟೋಗೆ ಹೂವಿನ ಹಾರ. ಎರಡೂ ಬದಿಗೆ ದೀಪ. ಮೊದಲ ಸಾಲು, 'ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರ ಎಂಬ ದೇಹವನ್ನು ತ್ಯಜಿಸಲಿದ್ದಾರೆ'. ಎರಡನೆಯದು, 'ಯಾರಿಗೂ ಕಾಣದ ಚರಂಡಿಯಲ್ಲಿ ಲೀನವಾಗಲಿದ್ದಾರೆ'. ಮೂರನೆಯದು, 'ದುಃಖತಪ್ತರು: ಕಾಣದ ಚರಂಡಿಯ ಅಭಿಮಾನಿ ಬಳಗ'. ಓದಿ ನಾನೂ ನಕ್ಕೆ. "ಚೆನ್ನಾಗಿ ಮಾಡಿದ್ದೀಯಪ್ಪಾ" ಅಂದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. 'ಚರಂಡಿ ದುಡ್ಡಲ್ಲೇ ಮಗಳ ಮದುವೆ'. ನನ್ನ ನಗು ಅಲ್ಲಿಗೆ ನಿಂತಿತು.

ಮಾರನೇ ದಿನ ನಿರ್ಣಯ ಪಾಸಾಯಿತು. ಅಧ್ಯಕ್ಷರು ಇಳಿದರು. ಹುಡುಗ ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡ. ಮೂರು ತಿಂಗಳು ಬಿಟ್ಟು ನೋಟಿಸ್ ಬಂತು.

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಹಳೆಯ ಭಾರತೀಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 499, 500ರಲ್ಲಿತ್ತು. ನಂಬರ್ ಬದಲಾಯಿತು, ಒಳಗಿನ ಮಾತು ಹೆಚ್ಚುಕಡಿಮೆ ಅದೇ. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆಯನ್ನೂ ಈಗ ಸೇರಿಸಿದ್ದಾರೆ. ಇದಕ್ಕೆ ಹತ್ತು ವಿನಾಯಿತಿಗಳಿವೆ. ನಮಗೆ ಬೇಕಾದದ್ದು ಎರಡನೆಯದು. ಸಾರ್ವಜನಿಕ ಹುದ್ದೆಯಲ್ಲಿ ಇರುವವರು ಆ ಹುದ್ದೆಯ ಕೆಲಸದಲ್ಲಿ ಹೇಗೆ ನಡೆದುಕೊಂಡರು ಎನ್ನುವುದರ ಬಗ್ಗೆ ಸದುದ್ದೇಶದಿಂದ ಯಾವ ಅಭಿಪ್ರಾಯ ಬೇಕಾದರೂ ಹೇಳಬಹುದು. ಅವರ ಗುಣದ ಬಗ್ಗೆಯೂ ಹೇಳಬಹುದು. ಆದರೆ ಆ ಗುಣ ಆ ನಡವಳಿಕೆಯಲ್ಲಿ ಎಷ್ಟು ಕಾಣುತ್ತದೋ ಅಷ್ಟೇ. 'ಅದಕ್ಕಿಂತ ಮುಂದಕ್ಕಲ್ಲ' ಎಂದು ಕಾನೂನು ಬಾಯಿಬಿಟ್ಟೇ ಹೇಳುತ್ತದೆ.

ಈ 'ಮುಂದಕ್ಕಲ್ಲ' ಯಾರ ತಲೆಗೂ ಹೋಗುವುದಿಲ್ಲ. ಹಾಗಾಗಿ ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಚರಂಡಿಗೆ ಬಿಲ್ ಆಗಿದೆ, ಚರಂಡಿ ಇಲ್ಲ. ಇದು ದಾಖಲೆಯಲ್ಲಿದೆ, ಸದಸ್ಯರ ನೋಟಿಸಿನಲ್ಲಿದೆ, ಊರಿನ ಕಣ್ಣ ಮುಂದಿದೆ. ಇದರ ಮೇಲೆ ನಿಂತು ನಗಿ. ಹಾರ ಹಾಕಿ, ದೀಪ ಹಚ್ಚಿ, ಶವಯಾತ್ರೆ ಬೇಕಾದರೂ ಮಾಡಿ. 'ಕೈಲಾಗದ ಅಧ್ಯಕ್ಷ' ಅನ್ನಿ, 'ಊರಿಗೆ ಮೋಸ ಮಾಡಿದರು' ಅನ್ನಿ. ಆ ಮಾತು ನೋವು ಮಾಡಬಹುದು. ಆದರೂ ಪೋಸ್ಟರಿನ ಮೊದಲ ಮೂರು ಸಾಲಿಗೆ ನಾನು ಕೋರ್ಟಿನಲ್ಲಿ ಧೈರ್ಯವಾಗಿ ನಿಂತು ವಾದ ಮಾಡಬಲ್ಲೆ. ಗೆದ್ದೇ ಗೆಲ್ಲುತ್ತೇನೆ ಎಂದು ಯಾವ ವಕೀಲರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ನಿಲ್ಲಲು ನೆಲ ಇದೆ.

ನಾಲ್ಕನೇ ಸಾಲಿಗೆ ಆ ನೆಲವೇ ಇಲ್ಲ. ಮದುವೆಯ ದುಡ್ಡು ಎಲ್ಲಿಂದ ಬಂತು ಎನ್ನುವುದು ಯಾವ ದಾಖಲೆಯಲ್ಲೂ ಇರಲಿಲ್ಲ. ಯಾವ ಸದಸ್ಯರೂ ಹೇಳಿರಲಿಲ್ಲ. ಪೋಸ್ಟರ್ ನೋಡುವ ಮೊದಲು ಆ ಊರಿನ ಎಷ್ಟೋ ಜನಕ್ಕೆ ಆ ಯೋಚನೆಯೇ ಬಂದಿರಲಿಲ್ಲ. ನೋಡಿದ ಮೇಲೆ ಬಂತು. ಅಂದರೆ ಆ ಸಾಲು ಇರುವ ಸಂಗತಿಯನ್ನು ನೋಡಿ ನಗಲಿಲ್ಲ, ಇಲ್ಲದ ಸಂಗತಿಯೊಂದನ್ನು ಹುಟ್ಟಿಸಿತು. ನಾನು ಕಕ್ಷಿದಾರರಿಗೆ ಕೇಳುವ ಪ್ರಶ್ನೆ ಇದೊಂದೇ. ನಿಮ್ಮ ಜೋಕು ಓದಿದವರಿಗೆ ಆ ಮನುಷ್ಯರ ಬಗ್ಗೆ ಹೊಸದೊಂದು ಅಪರಾಧ ಗೊತ್ತಾಗುತ್ತಾ? ಗೊತ್ತಾಗುತ್ತದೆ ಅಂತಾದರೆ ಅದು ಜೋಕಲ್ಲ, ಆರೋಪ. ಆರೋಪ ಮಾಡಿದವರು ರುಜುವಾತು ಮಾಡಬೇಕು.

ಇಲ್ಲಿಗೆ ಬಂದಾಗ ಎಲ್ಲರೂ "ಊರಿಗೇ ಗೊತ್ತು ಮೇಡಂ" ಅನ್ನುತ್ತಾರೆ. "ಬೆಂಕಿ ಇಲ್ಲದೆ ಹೊಗೆ ಬರುತ್ತಾ?" ಅನ್ನುತ್ತಾರೆ. ಊರನ್ನು ಸಾಕ್ಷಿ ಕಟಕಟೆಗೆ ಹತ್ತಿಸಲು ಬರುವುದಿಲ್ಲ. ಸತ್ಯ ಹೇಳಿದರೆ ತಪ್ಪಲ್ಲ ಎಂಬ ವಿನಾಯಿತಿ ಇದೆ, ನಿಜ. ಅದು ಮೊದಲನೇ ವಿನಾಯಿತಿ. ಆದರೆ ಸತ್ಯ ಆಗಿದ್ದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ತೋರಿಸುವ ಹೊಣೆ ಹೇಳಿದವರ ತಲೆ ಮೇಲೆ.

ಇನ್ನು ಕೆಲವರು ಜಾಣರು. "ನಾನು ನೇರವಾಗಿ ಹೇಳೇ ಇಲ್ಲ, 'ಅಂತೆ' ಅಂತ ಸೇರಿಸಿದ್ದೆ" ಅನ್ನುತ್ತಾರೆ. ಇಲ್ಲವೇ ಕೊನೆಗೊಂದು ಪ್ರಶ್ನೆ ಚಿಹ್ನೆ. ಇಲ್ಲವೇ ಹೊಗಳಿಕೆಯ ವೇಷ, 'ನಮ್ಮ ಅಧ್ಯಕ್ಷರು ಪರಮ ಪ್ರಾಮಾಣಿಕರು, ಮಗಳ ಮದುವೆಗೆ ಚರಂಡಿ ದುಡ್ಡು ಮುಟ್ಟಲೇ ಇಲ್ಲ' ಅಂತ. ಈ ಜಾಣತನ 1860ರಲ್ಲಿ ಐಪಿಸಿ ಬರೆದವರಿಗೇ ಗೊತ್ತಿತ್ತು. ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದು ಎಂದು ಬರೆದು, ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಅದು ಹೊಸ ಸಂಹಿತೆಯಲ್ಲೂ ಹಾಗೇ ಇದೆ. 'ಝಡ್ ಪ್ರಾಮಾಣಿಕ ಮನುಷ್ಯ, ಬಿಯ ಗಡಿಯಾರವನ್ನು ಅವನು ಕದ್ದೇ ಇಲ್ಲ' ಎಂದು ಎ ಹೇಳುತ್ತಾನೆ. ಕದ್ದಿದ್ದಾನೆ ಎಂದು ಜನ ನಂಬಲಿ ಅನ್ನುವುದೇ ಅವನ ಉದ್ದೇಶ. ಇದು ಮಾನಹಾನಿ. ನಾನು ಈ ಪುಟವನ್ನು ಕಕ್ಷಿದಾರರ ಮುಂದೆ ತೆರೆದಿಟ್ಟು ಬೆರಳಿಟ್ಟು ಓದಿಸುತ್ತೇನೆ. ಆ ಗಡಿಯಾರ ಓದಿದ ಮೇಲೆ ಮುಖದ ಬಣ್ಣ ಬದಲಾಗುತ್ತದೆ.

ಪ್ರಶ್ನೆ ಚಿಹ್ನೆ ಕಾಪಾಡುವುದಿಲ್ಲ ಎಂಬುದಕ್ಕೆ ದೊಡ್ಡ ಉದಾಹರಣೆ ನಮ್ಮ ಕೋಲಾರದ್ದೇ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ 'ಮೋದಿ' ಎಂಬ ಅಡ್ಡಹೆಸರು ಹಿಡಿದು ಅಣಕದ ಒಂದು ಪ್ರಶ್ನೆ ಕೇಳಿದರು. ಗುಜರಾತಿನ ಶಾಸಕರೊಬ್ಬರು ದೂರು ಕೊಟ್ಟರು. 2023ರ ಮಾರ್ಚ್ 23ರಂದು ಸೂರತ್‌ನ ಕೋರ್ಟು ಎರಡು ವರ್ಷ ಶಿಕ್ಷೆ ಕೊಟ್ಟಿತು. ಮಾರನೇ ದಿನವೇ ಲೋಕಸಭೆ ಸದಸ್ಯತ್ವ ಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಸದಸ್ಯತ್ವ ವಾಪಸ್ ಬಂತು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ದೊಡ್ಡ ದೊಡ್ಡ ವಕೀಲರು ಇದ್ದವರಿಗೇ ಆ ಒಂದು ಪ್ರಶ್ನೆ ಇಷ್ಟು ಓಡಾಡಿಸಿತು. ಮೊಬೈಲ್ ಅಂಗಡಿ ಹುಡುಗನಿಗೆ ಎಷ್ಟು ಓಡಾಡಿಸಬಹುದು, ಯೋಚನೆ ಮಾಡಿ.

ಫಾರ್ವರ್ಡ್ ಮಾಡಿದವರ ಮಾತು ಬೇಗ ಮುಗಿಸುತ್ತೇನೆ. "ನಾನು ಬರೆದದ್ದಲ್ಲ, ಬರೀ ಕಳಿಸಿದ್ದು" ಎನ್ನುವುದು ಉತ್ತರವಲ್ಲ. ಕಾನೂನು ಬರೆದವರನ್ನಷ್ಟೇ ಅಲ್ಲ, ಪ್ರಕಟಿಸಿದವರನ್ನೂ ಹಿಡಿಯುತ್ತದೆ. ನಿಮ್ಮ ಬೆರಳಿಂದ ಇನ್ನೊಬ್ಬರ ಫೋನಿಗೆ ಹೋದರೆ ಅದು ಪ್ರಕಟಣೆ ಎಂದೇ ತಿಳಿಯಿರಿ. ನಿಮ್ಮದು ಏನೂ ತಪ್ಪಿಲ್ಲದಿದ್ದರೂ ಅಲೆದಾಟ ತಪ್ಪುವುದಿಲ್ಲ. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಯ ಬಗ್ಗೆ ಇದ್ದ ಒಂದು ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಕಳಿಸಿದ್ದಕ್ಕೆ 2012ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಅವರ ಮೇಲೆ ಹಾಕಿದ್ದ, ಆನ್‌ಲೈನ್‌ನಲ್ಲಿ ಕಿರಿಕಿರಿಯ ಸಂದೇಶ ಕಳಿಸುವುದನ್ನೇ ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದೇ ಹೋಯಿತು. ಆದರೂ ಕೇಸಿನಿಂದ ಅವರು ಪೂರ್ತಿ ಬಿಡುಗಡೆ ಆದದ್ದು 2023ರ ಜನವರಿಯಲ್ಲಿ. ಹತ್ತಿರ ಹತ್ತಿರ ಹನ್ನೊಂದು ವರ್ಷ. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಂಥ ಅನ್ಯಾಯದ ವಿರುದ್ಧ ಹೋರಾಡಲು ನಾವಿದ್ದೇವೆ. ಆದರೆ ನಾಲ್ಕನೇ ಸಾಲು ಬರೆದು ಬೀದೀಲಿ ಹೋಗೋ ಮಾರೀನ ನೀವೇ ಮನೆಗೆ ಕರೆದರೆ ನಮ್ಮ ಕೈ ಕಟ್ಟಿಹೋಗುತ್ತದೆ.

ಈಗ ಆ ಮೊದಲ ಮಾತಿಗೆ ಬರೋಣ. ಹೋದ ಮಾನಕ್ಕೆ ಎಂಥ ನಷ್ಟ? ಮಾನ ಎನ್ನುವುದು ಒಂದೇ ಸಲಕ್ಕೆ ಒಡೆದು ಹೋಗುವ ಮಡಕೆಯಲ್ಲ. ಒಬ್ಬರು ಅಧ್ಯಕ್ಷರಾಗಿ ಮಾನ ಕಳೆದುಕೊಂಡಿರಬಹುದು. ಅಪ್ಪನಾಗಿ, ಗಂಡನಾಗಿ, ಊರಿನ ಸೊಸೈಟಿಯಲ್ಲಿ ಸಾಲ ಸರಿಯಾಗಿ ಕಟ್ಟುವವರಾಗಿ ಅವರಿಗೊಂದು ಮಾನ ಉಳಿದೇ ಇರುತ್ತದೆ. ಕೋರ್ಟು ನೋಡುವುದು ಅದನ್ನು. ಇನ್ನೊಂದು, ಕುರ್ಚಿ ಹೋದವರು ಹೋದರು ಅಂತ ಲೆಕ್ಕ ಹಾಕಬೇಡಿ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಹೋದ ಇಂದಿರಾ ಗಾಂಧಿ ಅವರನ್ನು ಡಿಸೆಂಬರ್‌ನಲ್ಲಿ ಲೋಕಸಭೆಯಿಂದ ಹೊರಹಾಕಿ ಜೈಲಿಗೂ ಕಳಿಸಿದರು. 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿ. ಅಷ್ಟು ದೂರ ಹೋಗುವುದೂ ಬೇಡ. ಮಾನಹಾನಿಯ ಕ್ರಿಮಿನಲ್ ದೂರಿಗೆ ಮೂರು ವರ್ಷ ಕಾಲಾವಕಾಶ ಇದೆ. ಪರಿಹಾರ ಕೇಳುವ ಸಿವಿಲ್ ದಾವೆಗೆ ಒಂದು ವರ್ಷ. ಅಧಿಕಾರದಲ್ಲಿ ಇದ್ದಾಗ ನಿಮ್ಮ ಪೋಸ್ಟರ್ ನೋಡಲು ಪುರುಸೊತ್ತಿಲ್ಲದವರಿಗೆ ಇಳಿದ ಮೇಲೆ ಬೇಕಾದಷ್ಟು ಪುರುಸೊತ್ತು ಇರುತ್ತದೆ, ಅಲ್ವಾ?

ನೋಟಿಸ್ ಬಂದಿದ್ದರೆ ಅದನ್ನೇ ಫೋಟೋ ತೆಗೆದು ನಗುವ ಚಿಹ್ನೆ ಹಾಕಿ ಗ್ರೂಪಿಗೆ ಬಿಡಬೇಡಿ. ಹತ್ತರಲ್ಲಿ ಆರು ಜನ ನನ್ನ ಹತ್ತಿರ ಬರುವ ಮೊದಲೇ ಈ ಕೆಲಸ ಮುಗಿಸಿ ಬಂದಿರುತ್ತಾರೆ, ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಪೋಸ್ಟರನ್ನು ಅಳಿಸುವ ಮೊದಲು ನಿಮ್ಮ ವಕೀಲರಿಗೆ ತೋರಿಸಿ. ಇಲ್ಲಿ ಬರೆದದ್ದು ಸಾಮಾನ್ಯ ತಿಳಿವಳಿಕೆಗೆ ಮಾತ್ರ. ನಿಮ್ಮ ಕಾಗದಪತ್ರ ನೋಡದೆ ಯಾರೂ ನಿಮ್ಮ ಕೇಸಿನ ಬಗ್ಗೆ ಹೇಳಲು ಬರುವುದಿಲ್ಲ.

ಆ ಹುಡುಗನ ಕೇಸು ಎರಡು ವರ್ಷಕ್ಕಿಂತ ಜಾಸ್ತಿ ನಡೆಯಿತು. ಡೇಟ್ ಇದ್ದಾಗಲೆಲ್ಲ ಅಂಗಡಿ ಬಾಗಿಲು ಹಾಕಿ ಬರುತ್ತಿದ್ದ. ಕೊನೆಗೆ ರಾಜಿಗೆ ಕೂತೆವು. ಮಾಜಿ ಅಧ್ಯಕ್ಷರ ಜೊತೆ ಮಗಳೂ ಬಂದಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಒಡವೆ ಅಡ ಇಟ್ಟ ರಸೀದಿ, ಸೈಟು ಮಾರಿದ ಪತ್ರದ ಜೆರಾಕ್ಸು. ಮಡಚಿ ಮಡಚಿ ಮಡಿಕೆಯಲ್ಲಿ ಅಕ್ಷರ ಮಾಸಿತ್ತು. ಎರಡು ವರ್ಷ ಅದನ್ನು ಎಷ್ಟು ಜನಕ್ಕೆ ತೋರಿಸಿದ್ದಳೋ. ಅವಳು ನನ್ನ ಕಡೆ ನೋಡಲಿಲ್ಲ, ಹುಡುಗನನ್ನೇ ಕೇಳಿದಳು.

"ಅಣ್ಣಾ, ನನ್ನ ಮದುವೆಗೆ ನೀವು ಬಂದಿದ್ರಿ. ಮೈಕು ಕೆಟ್ಟಾಗ ನೀವೇ ರಿಪೇರಿ ಮಾಡ್ಕೊಟ್ರಿ. ಊಟ ಮಾಡ್ಕೊಂಡು ಹೋಗಿ ಅಂತ ಅಪ್ಪ ಕೈ ಹಿಡಿದು ಕೂರಿಸಿದ್ರು. ದುಡ್ಡು ಎಲ್ಲಿಂದ ಬಂತು ಅಂತ ಅವತ್ತು ಯಾಕೆ ಕೇಳ್ಲಿಲ್ಲ?"

ಹುಡುಗ ತಲೆ ತಗ್ಗಿಸಿದ. ಅವನ ಅಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಂಡರು.

ಕ್ಷಮಾಪಣೆ ಪತ್ರ ನಾನೇ ಬರೆದೆ. ಅದೇ ಗ್ರೂಪಿನಲ್ಲಿ ಹಾಕುವುದು ಎಂದು ಮಾತಾಯಿತು. ಮಾಜಿ ಅಧ್ಯಕ್ಷರು ಓದಿ, ಇಡೀ ಪೋಸ್ಟರಿಗೆ ಕ್ಷಮೆ ಬೇಕು ಎಂದು ಪಟ್ಟು ಹಿಡಿದರು. ಚರಂಡಿಯ ಮಾತನ್ನು ನನ್ನ ಹುಡುಗ ವಾಪಸ್ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ಕೇಸು ನಡೆಯಲಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳೇ ಪತ್ರವನ್ನು ಅಪ್ಪನ ಕೈಯಿಂದ ತೆಗೆದುಕೊಂಡು ನನಗೆ ಕೊಟ್ಟಳು.

"ಬಿಡಿ ಅಪ್ಪಾ," ಅಂದಳು. "ನನ್ನ ಸಾಲಿಗೆ ಕೇಳಿದ್ರೆ ಸಾಕು."