ಪದ ಪರಿಚಯ: ವರ್ಷನ್ ಬಂಪ್

‘ಬಂಪ್’ ಅಂದ ಕೂಡಲೇ ನಮಗೆ ನೆನಪಾಗುವುದು ರಸ್ತೆಯ ಹಂಪ್ಸ್. ಆದರೆ ಸಾಫ್ಟ್‌ವೇರ್ ಮಂದಿ ‘ವರ್ಷನ್ ಬಂಪ್ ಮಾಡಿದ್ರಾ?’ ಎಂದು ಕೇಳುವಾಗ ಸೊಂಟಕ್ಕೇನೂ ಅಪಾಯವಿಲ್ಲ. ಇಲ್ಲಿ ಬಂಪ್ ಎಂದರೆ ಆವೃತ್ತಿಯ ಸಂಖ್ಯೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳುವುದು. 1.4.2 ಇದ್ದದ್ದು 1.4.3 ಆಯಿತು, ಅಷ್ಟೆ. ಕಷ್ಟವಿರುವುದು ಯಾವ ಅಂಕಿಯನ್ನು ತಳ್ಳಬೇಕು, ಯಾವ ಹೊತ್ತಿಗೆ ತಳ್ಳಬೇಕು ಎನ್ನುವುದರಲ್ಲಿ.

ಮೂರು ಅಂಕಿಗಳ ಈ ಪದ್ಧತಿಯ ಹೆಸರು ಸೆಮ್ಯಾಂಟಿಕ್ ವರ್ಷನಿಂಗ್, ಬಾಯಿಮಾತಿನಲ್ಲಿ ‘ಸೆಮ್‌ವರ್’. ಇದರ ನಿಯಮಗಳನ್ನು ಬರೆದಿಟ್ಟವರು ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್. ಕೊನೆಯ ಅಂಕಿ ಪ್ಯಾಚ್: ದೋಷ ತಿದ್ದಿದ್ದೇವೆ, ಬೇರೇನೂ ಬದಲಾಗಿಲ್ಲ. ನಡುವಿನದು ಮೈನರ್: ಹೊಸದೊಂದು ಸೇರಿದೆ, ಹಳೆಯದೆಲ್ಲ ಮೊದಲಿನಂತೆಯೇ ನಡೆಯುತ್ತದೆ. ಎಡತುದಿಯದು ಮೇಜರ್: ಹಳೆಯದನ್ನು ಮುರಿದಿದ್ದೇವೆ, ನಿಮ್ಮ ಕೋಡ್ ನೀವು ನೋಡಿಕೊಳ್ಳಿ. ಒಂದು ಅಂಕಿ ಏರಿದರೆ ಅದರ ಬಲಕ್ಕಿರುವವು ಸೊನ್ನೆಗೆ ಇಳಿಯುತ್ತವೆ, 1.4.2ಕ್ಕೆ ಮೈನರ್ ಬಂಪ್ ಕೊಟ್ಟರೆ 1.5.0. ಚುಕ್ಕೆ ಕಂಡಿತೆಂದು ದಶಮಾಂಶ ಅಂದುಕೊಳ್ಳಬೇಡಿ. 1.9.0 ಆದ ಮೇಲೆ ಬರುವುದು 1.10.0, ಅದೇ ದೊಡ್ಡದು.

ಎಲ್ಲರೂ ಹೀಗೆಯೇ ಎಣಿಸುವುದಿಲ್ಲ ಅನ್ನಿ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್, ಪುಸ್ತಕದ ಪುಟ ಜೋಡಿಸುವ ತಮ್ಮ ಟೆಕ್ ತಂತ್ರಾಂಶದ ಸಂಖ್ಯೆಗೆ ಪ್ರತಿ ತಿದ್ದುಪಡಿಯಲ್ಲೂ ಪೈ ಬೆಲೆಯ ಒಂದೊಂದೇ ಅಂಕಿ ಸೇರಿಸುತ್ತಾ ಬಂದಿದ್ದಾರೆ; 2021ರಲ್ಲಿ ಅದು 3.141592653ಕ್ಕೆ ಬಂದು ನಿಂತಿತ್ತು. ಅಂಥ ಶೋಕಿ ಕ್ನೂತ್‌ಗೆ ಒಪ್ಪುತ್ತದೆ. ನಾವು ನೀವು ಬರೆಯುವ ಲೈಬ್ರರಿಯ (ಬೇರೆಯವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಸಂಖ್ಯೆಯನ್ನು ಮನುಷ್ಯರಿಗಿಂತ ಮೊದಲು ಯಂತ್ರ ಓದುತ್ತದೆ. ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನಲ್ಲಿ ^1.4.2 ಎಂದು ಟೋಪಿ ಹಾಕಿ ಬರೆದಿದ್ದರೆ, ‘1.4.2ರಿಂದ ಮೇಲೆ, 2.0.0ಕ್ಕಿಂತ ಕೆಳಗೆ ಯಾವುದು ಬಂದರೂ ಹಾಕಿಕೋ’ ಎಂದರ್ಥ. ಹಳೆಯದನ್ನು ಮುರಿದೂ ಪ್ಯಾಚ್ ಎಂದು ಸಂಖ್ಯೆ ಹಾಕಿದಿರೋ, ಮುರಿದ ಕೋಡ್ ಹೇಳದೆ ಕೇಳದೆ ಊರವರ ಮನೆಗೆಲ್ಲ ನುಗ್ಗುತ್ತದೆ.

ಆದ್ದರಿಂದಲೇ ಬಂಪ್ ಒಂಟಿಯಾಗಿ ನಡೆಯುವ ಕೆಲಸವಲ್ಲ. ಮೊದಲು ಟೆಸ್ಟ್, ಆಮೇಲೆ ಬಂಪ್, ಆಮೇಲೆ ಟ್ಯಾಗ್, ಕೊನೆಗೆ ಪ್ರಕಟಣೆ. ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ಪ್ರಕಟಿಸಲು, ಹಾಕಿಕೊಳ್ಳಲು ಬಳಸುವ ಸಲಕರಣೆ ಎನ್‌ಪಿಎಂ. ಅದರ ‘ಎನ್‌ಪಿಎಂ ವರ್ಷನ್ ಮೈನರ್’ ಎಂಬ ಒಂದು ಸಾಲಿನ ಆಜ್ಞೆ ಏನೇನು ಮಾಡುತ್ತದೆ ನೋಡಿ. ಕಮಿಟ್ ಆಗದ, ಅಂದರೆ ಕೋಡಿನ ಇತಿಹಾಸ ಕಾಯುವ ಗಿಟ್‌ನಲ್ಲಿ ದಾಖಲಾಗದ, ಬದಲಾವಣೆ ಉಳಿದಿದ್ದರೆ ಹೊಸಿಲಲ್ಲೇ ತಡೆಯುತ್ತದೆ. ಬಳಿಕ ‘ಪ್ರೀವರ್ಷನ್’ ಎಂಬ ಜಾಗದಲ್ಲಿ ನೀವು ಬರೆದಿಟ್ಟದ್ದನ್ನು ಓಡಿಸುತ್ತದೆ. ಟೆಸ್ಟುಗಳನ್ನು ಅಲ್ಲಿ ಇಟ್ಟಿದ್ದರೆ, ಅವು ಸೋತಾಗ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಸಂಖ್ಯೆ ಅಲುಗುವುದಿಲ್ಲ. ಗೆದ್ದರೆ ಪ್ಯಾಕೇಜ್ ಫೈಲಿನಲ್ಲಿ ಅಂಕಿ ಬದಲಿಸಿ, ಕಮಿಟ್ ಮಾಡಿ, ಅದರ ಮೇಲೆ ವಿ1.5.0 ಎಂದು ಟ್ಯಾಗ್ ಅಂಟಿಸುತ್ತದೆ.

ಟ್ಯಾಗ್ ಎಂದರೆ ಗಿಟ್‌ನಲ್ಲಿ ಒಂದೇ ಒಂದು ಕಮಿಟ್‌ಗೆ ಕಟ್ಟಿದ ಚೀಟಿ. ಬ್ರಾಂಚ್, ಅಂದರೆ ಕಮಿಟ್‌ಗಳ ಸಾಲು, ಮುಂದೆ ಮುಂದೆ ಸಾಗುತ್ತಿರುತ್ತದೆ. ಚೀಟಿ ಕಟ್ಟಿದಲ್ಲೇ ಇರುತ್ತದೆ. ಇದರಲ್ಲೊಂದು ಸಣ್ಣ ಮೋಸವಿದೆ: ಕಮಿಟ್‌ಗಳನ್ನು ಸರ್ವರಿಗೆ ಕಳಿಸಲು ಬರೀ ‘ಗಿಟ್ ಪುಶ್’ ಅಂದರೆ ಟ್ಯಾಗ್ ಜೊತೆಗೆ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಹೇಳಿ ಕಳಿಸಬೇಕು. ನಾನು ಹಿಂದೆ ಇದ್ದ ಒಂದು ತಂಡದಲ್ಲಿ ರಿಲೀಸ್ ಎಲ್ಲ ಕೈಕೆಲಸ. ಗ್ರಾಹಕರೊಬ್ಬರು 2.3.1ರಲ್ಲಿ ದೋಷವಿದೆ ಎಂದು ಬರೆದಾಗ ಹುಡುಕಿದರೆ ಸರ್ವರಿನಲ್ಲಿ ಆ ಟ್ಯಾಗೇ ಇಲ್ಲ. ಅದು ಕೆಲಸ ಬಿಟ್ಟು ಹೋಗಿದ್ದ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲಿ ಇತ್ತು, ಆ ಲ್ಯಾಪ್‌ಟಾಪ್ ಆಗಲೇ ಫಾರ್ಮ್ಯಾಟ್ ಆಗಿತ್ತು. ತಾರೀಖು ನೋಡಿ ‘ಬಹುಶಃ ಈ ಕಮಿಟ್ ಇರಬೇಕು’ ಎಂದು ಊಹಿಸುತ್ತಾ ಎರಡು ದಿನ ಕಳೆದೆವು. ಮುಂದಿನ ವಾರವೇ ಟ್ಯಾಗ್ ಕಳಿಸುವುದನ್ನೂ ಸೇರಿಸಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ.

ಇನ್ನೂ ಮುಂದೆ ಹೋದವರು ಯಾವ ಅಂಕಿ ಏರಬೇಕೆಂಬ ತೀರ್ಮಾನವನ್ನೂ ಯಂತ್ರಕ್ಕೇ ಬಿಡುತ್ತಾರೆ. ಸೆಮ್ಯಾಂಟಿಕ್-ರಿಲೀಸ್‌ನಂಥ ಸಲಕರಣೆ ಕಮಿಟ್ ಸಂದೇಶಗಳನ್ನು ಓದುತ್ತದೆ: ‘ಫಿಕ್ಸ್’ ಎಂದು ಶುರುವಾದರೆ ಪ್ಯಾಚ್, ‘ಫೀಟ್’ (ಫೀಚರ್‌ನ ಮೊಟಕು ರೂಪ) ಎಂದಿದ್ದರೆ ಮೈನರ್, ‘ಬ್ರೇಕಿಂಗ್ ಚೇಂಜ್’ ಎಂಬ ಸಾಲಿದ್ದರೆ ಮೇಜರ್. ತಂಡದವರು ಶಿಸ್ತಾಗಿ ಸಂದೇಶ ಬರೆದರೆ ಇದು ಚೆನ್ನ. ‘ಅಪ್‌ಡೇಟ್’, ‘ಫೈನಲ್’, ‘ಫೈನಲ್ 2’ ಎಂದು ಕಮಿಟ್ ಮಾಡುವ ತಂಡದಲ್ಲಿ ಅದಕ್ಕೇನೂ ತೋಚದು. ಅಂಥಲ್ಲಿ ಯಾವ ಅಂಕಿ ಎನ್ನುವುದನ್ನು ಮನುಷ್ಯ ಹೇಳಿ, ಮಿಕ್ಕ ಕ್ರಮವನ್ನು ಸ್ಕ್ರಿಪ್ಟಿಗೆ ಬಿಡುವುದೇ ನನಗೆ ಸರಿ ಕಾಣುತ್ತದೆ.

ಪ್ರಕಟಣೆ ಕೊನೆಗೇ ಬರಬೇಕು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಒಮ್ಮೆ ಹೊರಬಿಟ್ಟ ಸಂಖ್ಯೆಯನ್ನು ಎನ್‌ಪಿಎಂ ಇನ್ನೊಮ್ಮೆ ಬಳಸಲು ಬಿಡುವುದಿಲ್ಲ, ಆ ಆವೃತ್ತಿಯನ್ನು ಅಳಿಸಿಹಾಕಿದರೂ ಬಿಡುವುದಿಲ್ಲ. 1.5.0ರಲ್ಲಿ ಫೈಲೊಂದು ಬಿಟ್ಟುಹೋಯಿತೆಂದರೆ ಸದ್ದಿಲ್ಲದೆ ಬದಲಾಯಿಸುವ ದಾರಿಯಿಲ್ಲ. ತಿದ್ದಿ, ಮತ್ತೆ ಬಂಪ್ ಮಾಡಿ 1.5.1 ಹೊರಡಿಸಬೇಕು. ಯಾವುದಾದರೂ ಲೈಬ್ರರಿಯಲ್ಲಿ ಹತ್ತು ನಿಮಿಷದ ಅಂತರದಲ್ಲಿ ಎರಡು ಆವೃತ್ತಿ ಕಂಡರೆ, ಆ ಹತ್ತು ನಿಮಿಷ ಅಲ್ಲಿ ಯಾರೋ ಬೆವರಿದ್ದಾರೆ ಅಂತಲೇ ಲೆಕ್ಕ.