ಅಗ್ಗದ ಟಿವಿ: ಬೆಲೆ ಇಳಿದದ್ದು ಎಲ್ಲಿಂದ?

"ಸೌಂಡ್ ಬರ್ತಿದೆ, ಚಿತ್ರ ಮಾತ್ರ ಇಲ್ಲ."

ಟಿವಿ ರಿಪೇರಿ ಮಾಡುವ ನನಗೆ ಈ ದೂರು ವಾರಕ್ಕೊಮ್ಮೆಯಾದರೂ ಬರುತ್ತದೆ. ಈಚೆಗೆ ಹೀಗೆ ಹೇಳುತ್ತ ಬಂದವರು ಒಬ್ಬ ತಾಯಿ ಮತ್ತು ಮಗ. ಟಿವಿಯನ್ನು ಮೇಜಿನ ಮೇಲೆ ನಿಲ್ಲಿಸಿ ಚಾಲೂ ಮಾಡಿದೆ. ಕೋಣೆಯ ದೀಪ ಆರಿಸಿ, ಕೈಟಾರ್ಚನ್ನು ಪರದೆಗೆ ಒತ್ತಿದ ಹಾಗೆ ಓರೆಯಾಗಿ ಹಿಡಿದೆ. ಟಾರ್ಚಿನ ಬೆಳಕು ಬಿದ್ದ ಅಂಗೈಯಗಲದ ಜಾಗದಲ್ಲಿ ವಾರ್ತೆ ಓದುವವರ ಮುಖ ಮಸುಕು ಮಸುಕಾಗಿ ಕಂಡಿತು. ಟಾರ್ಚ್ ಸರಿಸಿದರೆ ಮುಖ ಮಾಯ, ಪಕ್ಕದಲ್ಲಿ ಅಕ್ಷರ ಪ್ರತ್ಯಕ್ಷ. ಚಿತ್ರ ಪರದೆಯ ಮೇಲೆ ಇದ್ದೇ ಇತ್ತು. ಅದನ್ನು ತೋರಿಸಬೇಕಾದ ಬೆಳಕು ಹೋಗಿತ್ತು.

"ತಗೊಂಡು ಎರಡು ವರ್ಷ ಆಗಿಲ್ಲ ಕಣಪ್ಪಾ. ಅರ್ಧ ಬೆಲೆಗೆ ಸಿಕ್ತು ಅಂತ ಇವನು ತಂದ" ಅಂದರು ತಾಯಿ. ಮಗ ತಲೆ ತಗ್ಗಿಸಿ ಕೇಳಿದ: "ಅಗ್ಗದ್ದು ತಗೊಂಡದ್ದೇ ತಪ್ಪಾಯ್ತಾ ಸರ್?"

ಈ ಪ್ರಶ್ನೆಗೆ ಹೌದು ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವ ಮೆಕ್ಯಾನಿಕ್‌ಗಳು ಬಹಳ ಮಂದಿ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಗ್ಗದ ಟಿವಿ ಹತ್ತು ವರ್ಷ ಬಾಳಿದ್ದನ್ನೂ ನೋಡಿದ್ದೇನೆ, ದುಬಾರಿ ಟಿವಿ ಮೂರನೇ ವರ್ಷಕ್ಕೆ ಮೂಲೆ ಸೇರಿದ್ದನ್ನೂ ನೋಡಿದ್ದೇನೆ. ಬೆಲೆ ಕಡಿಮೆ ಎಂದರೆ ಒಳಗೆ ಎಲ್ಲೋ ಏನೋ ಕಡಿಮೆ ಮಾಡಿದ್ದಾರೆ. ಅದು ಎಲ್ಲಿ ಎಂದು ಹುಡುಕಿದರೆ ಕೊಳ್ಳಬಹುದೋ ಬೇಡವೋ ಎಂಬುದು ಹೆಚ್ಚುಕಮ್ಮಿ ತೀರ್ಮಾನವಾಗಿಬಿಡುತ್ತದೆ. ಕಡಿಮೆಯಾದದ್ದನ್ನು ಆಮೇಲೆ ಹೊರಗಿನಿಂದ ಜೋಡಿಸಿಕೊಳ್ಳಬಹುದಾದರೆ ಧೈರ್ಯವಾಗಿ ಕೊಳ್ಳಿ. ಕಡಿಮೆಯಾದದ್ದು ಗಾಜಿನ ಹಿಂದೆ ಇದ್ದರೆ ಬಿಟ್ಟುಬಿಡಿ.

ಟಿವಿಯೊಳಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುವುದು ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜು. ಜಗತ್ತಿನಲ್ಲಿ ಎಲ್‌ಸಿಡಿ ಪ್ಯಾನೆಲ್ ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ. ಬಿಒಇ, ಸಿಎಸ್‌ಒಟಿ, ಎಚ್‌ಕೆಸಿಯಂಥ ಕಾರ್ಖಾನೆಗಳಿಂದಲೇ ದೊಡ್ಡ ಬ್ರ್ಯಾಂಡಿನವರೂ ಹೆಸರಿಲ್ಲದ ಬ್ರ್ಯಾಂಡಿನವರೂ ಗಾಜು ತರಿಸಿಕೊಳ್ಳುತ್ತಾರೆ. ಹಾಗಾಗಿ ಗಾಜಿನಲ್ಲಿ ಅಷ್ಟಾಗಿ ಉಳಿತಾಯ ಸಾಧ್ಯವಿಲ್ಲ. ಕತ್ತರಿ ಬೀಳುವುದು ಅದರ ಸುತ್ತಮುತ್ತಲಿನದಕ್ಕೆ: ಗಾಜಿನ ಹಿಂದಿನ ಬೆಳಕು (ಬ್ಯಾಕ್‌ಲೈಟ್), ತಗಡಿನ ದಪ್ಪ, ಮೆಮೊರಿ, ಸ್ಪೀಕರು, ಪೋರ್ಟುಗಳು, ಮಾರಾಟದ ನಂತರದ ಸರ್ವಿಸ್.

ಇವುಗಳಲ್ಲಿ ನನಗೆ ಹೆಚ್ಚು ಚಿಂತೆ ಹಿಂದಿನ ಬೆಳಕಿನದು. ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ನಿಜವಾಗಿ ಎಲ್‌ಸಿಡಿ ಟಿವಿಯೇ. ಎಲ್‌ಸಿಡಿ ಗಾಜಿಗೆ ಸ್ವಂತ ಬೆಳಕಿಲ್ಲ. ಹೆಚ್ಚಿನ ಟಿವಿಗಳಲ್ಲಿ ಅದರ ಹಿಂದೆ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಸಾಲಾಗಿ ಕೂರಿಸಿದ ಎಲ್‌ಇಡಿ ಬಲ್ಬುಗಳು ಉರಿಯುತ್ತಿರುತ್ತವೆ. ಒಂದೊಂದರ ಮೇಲೂ ಬೆಳಕನ್ನು ಹರಡಲು ಒಂದು ಪುಟ್ಟ ಪ್ಲಾಸ್ಟಿಕ್ ಲೆನ್ಸನ್ನು ಟೋಪಿಯ ಹಾಗೆ ಅಂಟಿಸಿರುತ್ತಾರೆ. ತಯಾರಕರು ಹಣ ಉಳಿಸಲು ಹೊರಟಾಗ ಬಲ್ಬುಗಳ ಸಂಖ್ಯೆ ಇಳಿಸುತ್ತಾರೆ. ಬೆಳಕು ಮಾತ್ರ ಅಷ್ಟೇ ಬೇಕಲ್ಲ, ಉಳಿದ ಬಲ್ಬುಗಳಿಗೆ ಕರೆಂಟ್ ಏರಿಸುತ್ತಾರೆ. ಬಲ್ಬು ಕಾಯುತ್ತದೆ. ಪಟ್ಟಿ ತೆಳುವಾಗಿದ್ದರೆ ಆ ಕಾವು ಹೋಗಲು ದಾರಿಯಿಲ್ಲ.

ಆಮೇಲೆ ಆಗುವುದೆಲ್ಲ ಆ ಕಾವಿನಿಂದಲೇ. ಲೆನ್ಸಿನ ಅಂಟು ಬಿಟ್ಟರೆ ಟೋಪಿ ಕಳಚಿ ಕೆಳಗೆ ಬೀಳುತ್ತದೆ, ಆ ಜಾಗದಲ್ಲಿ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಕಣ್ಣಿಗೆ ಹೊಡೆಯುತ್ತದೆ. ಬಲ್ಬಿನ ಮೇಲಿನ ಹಳದಿ ಲೇಪ ಸುಟ್ಟರೆ ಒಳಗಿನ ನೀಲಿ ಬೆಳಕು ಹೊರಬಂದು ಬಿಳಿ ಅಂಗಿಯೂ ನೇರಳೆಯಾಗಿ ಕಾಣುತ್ತದೆ. ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಸುಟ್ಟು ಕಡಿದುಹೋದರೆ ಆ ಇಡೀ ಸಾಲು ಆರುತ್ತದೆ. ಬಹಳಷ್ಟು ಟಿವಿಗಳಲ್ಲಿ ದೋಷ ಕಂಡ ಕೂಡಲೇ, ಬಲ್ಬುಗಳಿಗೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಪೂರ್ತಿ ಬೆಳಕನ್ನೇ ನಿಲ್ಲಿಸಿಬಿಡುತ್ತದೆ. ಆ ತಾಯಿಯ ಟಿವಿಯಲ್ಲಿ ಆಗಿದ್ದು ಅದೇ. ಬಿಚ್ಚಿದಾಗ ಸುಟ್ಟು ಕಪ್ಪಾಗಿದ್ದದ್ದು ಒಂದೇ ಒಂದು ಬಲ್ಬು, ಸಾಸಿವೆಗಿಂತ ಸ್ವಲ್ಪ ದೊಡ್ಡದು.

ಆ ಒಂದು ಬಲ್ಬನ್ನು ಮುಟ್ಟಬೇಕಾದರೆ ಮೊದಲು ಗಾಜನ್ನು ಎತ್ತಿ ಪಕ್ಕಕ್ಕಿಡಬೇಕು. ಗಾಜಿನ ಒಂದೊಂದು ಹಾಳೆ ಒಂದು ಮಿಲಿಮೀಟರಿಗಿಂತ ತೆಳು. ಅದರ ಅಂಚಿಗೆ ಕಾಗದದಷ್ಟು ತೆಳುವಾದ ರಿಬ್ಬನ್ನುಗಳು ಅಂಟಿರುತ್ತವೆ. ಅವುಗಳಲ್ಲಿ ಒಂದು ಹರಿದರೂ ಪರದೆಯ ಮೇಲೆ ಗೆರೆ ಮೂಡುತ್ತದೆ. ಚಿಕ್ಕ ಟಿವಿಯಲ್ಲಿ ಈ ಕೆಲಸವನ್ನು ಒಬ್ಬನೇ ಮಾಡುತ್ತೇನೆ. 55 ಇಂಚಿನದಾದರೆ ಇಬ್ಬರು ಬೇಕು, ಇಷ್ಟು ವರ್ಷದ ಮೇಲೂ ಉಸಿರು ಬಿಗಿಹಿಡಿದೇ ಎತ್ತುತ್ತೇವೆ. ಗಾಜು ಒಡೆದರೆ ಅದರ ಬೆಲೆ ಹೊಸ ಟಿವಿಯ ಹತ್ತಿರಕ್ಕೆ ಹೋಗುತ್ತದೆ, ಅಲ್ಲಿಗೆ ಆ ಟಿವಿಯ ಕಥೆ ಮುಗಿದ ಹಾಗೆ. ಅದಕ್ಕೇ ನನ್ನ ಸಲಹೆ: ಅಗ್ಗದ್ದೇ ಬೇಕಿದ್ದರೆ ಚಿಕ್ಕದನ್ನು ಕೊಳ್ಳಿ. ಮಲಗುವ ಕೋಣೆಗೋ ಅಡುಗೆಮನೆಗೋ 32 ಇಂಚಿನ ಅಗ್ಗದ ಟಿವಿ ತಂದರೆ ನಷ್ಟವಿಲ್ಲ. ಮನೆಮಂದಿಯೆಲ್ಲ ದಿನವೂ ನೋಡುವ ಟಿವಿಗೆ, ಅಷ್ಟೇ ದುಡ್ಡಿಗೆ 55 ಇಂಚಿನ ಕಳಪೆಯೂ 43 ಇಂಚಿನ ಒಳ್ಳೆಯದೂ ಎದುರಿಗಿದ್ದರೆ ನಾನು ಕಣ್ಣು ಮುಚ್ಚಿ 43 ಆರಿಸುತ್ತೇನೆ.

ಇನ್ನು, ಜನ ಹೆಚ್ಚು ತಲೆಕೆಡಿಸಿಕೊಳ್ಳುವ, ಆದರೆ ನಿಜವಾಗಿ ಅಷ್ಟು ದೊಡ್ಡದಲ್ಲದ ವಿಷಯಗಳು. "ಸ್ಮಾರ್ಟ್ ಟಿವಿ ತುಂಬಾ ನಿಧಾನ" ಎನ್ನುತ್ತಾರೆ. 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್ ಕೊಟ್ಟು, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಟಿವಿಯ ಸ್ವಂತ ಸಾಫ್ಟ್‌ವೇರೇ ತಿಂದುಹಾಕಿದರೆ ನಿಧಾನವಾಗದೆ ಇನ್ನೇನು? ಕೆಲವು ಅಗ್ಗದ ಟಿವಿಗಳಲ್ಲಿ ಸಿನಿಮಾ ಆ್ಯಪ್‌ಗಳ ಅಧಿಕೃತ ಮಾನ್ಯತೆ ಇರುವುದಿಲ್ಲ. ವೈಡ್‌ವೈನ್ ಎಂಬ ಭದ್ರತಾ ವ್ಯವಸ್ಥೆ ಎಲ್1 ಮಟ್ಟದ್ದಲ್ಲದೆ ಎಲ್3 ಆಗಿದ್ದರೆ, ನೆಟ್‌ಫ್ಲಿಕ್ಸ್‌ನಂಥ ಸೇವೆಗಳು 4ಕೆ ಪರದೆಗೂ ಹಳೆಯ ಕಾಲದ 480 ಗೆರೆಗಳ ಚಿತ್ರವನ್ನೇ ಕಳಿಸುತ್ತವೆ. ಗ್ರಾಹಕರು ಪ್ಯಾನೆಲ್ ಸರಿಯಿಲ್ಲ ಎಂದು ಬೈದುಕೊಳ್ಳುತ್ತಾರೆ. ಇವೆರಡಕ್ಕೂ ಮದ್ದು ಒಂದೇ, ಎಚ್‌ಡಿಎಂಐ ಕಿಂಡಿಗೆ ಚುಚ್ಚುವ, ಆ್ಯಪ್‌ಗಳನ್ನು ತಾನೇ ಓಡಿಸುವ ಒಂದು ಒಳ್ಳೆಯ ಸ್ಟ್ರೀಮಿಂಗ್ ಸ್ಟಿಕ್. ಅದು ಹಳತಾದರೆ ಅದನ್ನಷ್ಟೇ ಬದಲಿಸಿದರಾಯಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಟಿವಿಯ ಸ್ವಂತ ಮೆಮೊರಿ ಚಿಪ್ಪು ಸವೆದು ಕೆಟ್ಟರೆ, ಆನ್ ಮಾಡಿದಾಗ ಕಂಪನಿಯ ಲೋಗೊ ಬಂದು ಅಲ್ಲೇ ನಿಂತುಬಿಡುತ್ತದೆ. ಆಗ ಯಾವ ಸ್ಟಿಕ್ಕೂ ನೆರವಿಗೆ ಬಾರದು. ಹಾಗಾಗಿ ಸ್ಟಿಕ್ ಬಳಸುವವರು ಟಿವಿಯೊಳಗೆ ಆ್ಯಪ್‌ಗಳನ್ನು ತುಂಬಬೇಡಿ, ಇರುವುದನ್ನೂ ಅಳಿಸಿ.

ಧ್ವನಿಯದೂ ಇದೇ ಕಥೆ. ತೆಳು ಪೆಟ್ಟಿಗೆಯಲ್ಲಿ ಕೆಳಮುಖವಾಗಿ ಕೂರಿಸಿದ ಸ್ಪೀಕರಿನಿಂದ ಗಟ್ಟಿ ಸದ್ದು ಹೊರಟೀತು, ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಹೊರಗಿನ ಸೌಂಡ್‌ಬಾರ್ ಅದನ್ನು ಸರಿಮಾಡುತ್ತದೆ. ಅದಕ್ಕಾಗಿ ಟಿವಿಯ ಬೆನ್ನಿನಲ್ಲಿ 'ಎಆರ್‌ಸಿ' ಎಂದು ಬರೆದ ಎಚ್‌ಡಿಎಂಐ ಕಿಂಡಿಯೋ ಆಪ್ಟಿಕಲ್ ಕಿಂಡಿಯೋ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

4ಕೆ ವಿಷಯಕ್ಕೆ ಬರೋಣ. ಪೂರ್ಣ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕೆಗಳಿದ್ದರೆ 4ಕೆಯಲ್ಲಿ 3840. ಸಾಮಾನ್ಯ ದೃಷ್ಟಿಯ ಕಣ್ಣು ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸಬೇಕಾದರೆ ಅವುಗಳ ನಡುವೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗದಷ್ಟಾದರೂ ಅಂತರ ಬೇಕು. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್, ಪೂರ್ಣ ಎಚ್‌ಡಿಯಲ್ಲಿ ಒಂದು ಚುಕ್ಕೆ ಅರ್ಧ ಮಿಲಿಮೀಟರ್. ಸುಮಾರು 1.7 ಮೀಟರಿಗಿಂತ ದೂರ ಕೂತರೆ ಆ ಚುಕ್ಕೆಗಳೇ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಅವುಗಳ ಕಾಲುಭಾಗದ ಚುಕ್ಕೆ ಕೊಟ್ಟರೆ ಕಾಣುತ್ತದೆಯೇ? 55 ಇಂಚಿಗೆ ಇದೇ ಲೆಕ್ಕ 2.2 ಮೀಟರಿಗೆ ಬರುತ್ತದೆ. ಟೇಪು ಹಿಡಿದು ನಿಮ್ಮ ಸೋಫಾದಿಂದ ಗೋಡೆಗೆ ಅಳೆಯಿರಿ. ದೂರ ಮೂರು ಮೀಟರ್ ಇದ್ದರೆ, 43 ಇಂಚಿನಲ್ಲಿ 4ಕೆ ಇದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡಬೇಡಿ.

ಎಚ್‌ಡಿಆರ್ (ಬೆಳಕು-ಕತ್ತಲಿನ ವ್ಯತ್ಯಾಸವನ್ನು ಹೆಚ್ಚಾಗಿ ತೋರಿಸುವ ಬಗೆಯ ಚಿತ್ರ) ಎಂಬ ಚೀಟಿ ನೋಡಿ ಮೋಸಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಹೆಚ್ಚಿನ ಪ್ರಖರತೆಯನ್ನು ಗಮನದಲ್ಲಿಟ್ಟು ಸಿದ್ಧಪಡಿಸುತ್ತಾರೆ. ಅಗ್ಗದ ಟಿವಿಗಳು ಸಾಮಾನ್ಯವಾಗಿ 250 ರಿಂದ 300 ನಿಟ್ಸ್‌ಗೆ ನಿಲ್ಲುತ್ತವೆ. ಆ ಚೀಟಿಯ ಅರ್ಥ ಇಷ್ಟೇ: ಎಚ್‌ಡಿಆರ್ ಸಂಕೇತ ಬಂದರೆ ಈ ಟಿವಿ ಅದನ್ನು ಓದಬಲ್ಲದು. ಓದಿದ್ದನ್ನು ತೋರಿಸುವ ಬೆಳಕು ಅದರ ಬಳಿ ಇಲ್ಲ, ಎಷ್ಟೋ ಸಲ ಚಿತ್ರ ಮೊದಲಿಗಿಂತ ಮಂಕಾಗುತ್ತದೆ. ಪೆಟ್ಟಿಗೆಯ ಮೇಲೆ 'ಮೋಷನ್ 120', '240' ಎಂದು ಬರೆದಿದ್ದರೂ ಪ್ಯಾನೆಲ್ಲಿನ ನಿಜವಾದ ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕ, ಎಷ್ಟು ಎಂದು ಕೇಳಿ. ಉತ್ತರ ಹೆಚ್ಚಾಗಿ 60 ಎಂದೇ ಇರುತ್ತದೆ. ವಾರ್ತೆ, ಧಾರಾವಾಹಿ, ಸಿನಿಮಾಗಳಿಗೆ 60 ಧಾರಾಳ ಸಾಕು.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅದರಲ್ಲಿ ಮೂರು ಚಿತ್ರ ಸಾಕು: ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಬೂದು. ಅಂಗಡಿಯವರು ಹಾಕಿರುವ ಹೂವು, ಜಲಪಾತ, ಗಿಳಿಗಳ ವಿಡಿಯೊದಲ್ಲಿ ಯಾವ ದೋಷವೂ ಕಾಣದು. ಬಿಳಿ ಹಾಕಿದರೆ ಕಪ್ಪು ಮೂಲೆಗಳೂ ಸತ್ತ ಚುಕ್ಕೆಗಳೂ ಕಾಣುತ್ತವೆ. ಕಪ್ಪು ಹಾಕಿದರೆ ಅಂಚಿನಿಂದ ಸೋರುವ ಬೆಳಕು ಗೊತ್ತಾಗುತ್ತದೆ. ಬೂದು ಮಾತ್ರ ತುಂಬಾ ನಿಷ್ಠುರ. ಹಿಂದಿನ ಬೆಳಕು ಸಮವಾಗಿ ಹರಡದಿದ್ದರೆ ತೊಳೆಯದ ಬಟ್ಟೆಯ ಕಲೆಗಳ ಹಾಗೆ ಪಟ್ಟೆ ಪಟ್ಟೆ ಎದ್ದು ಕಾಣುತ್ತದೆ, ಕ್ರಿಕೆಟ್ ಮೈದಾನದ ಮೇಲೆ ಕ್ಯಾಮೆರಾ ಓಡಿದಾಗಲೆಲ್ಲ ಆ ಪಟ್ಟೆ ನಿಮಗೆ ಮನೆಯಲ್ಲೂ ಕಾಣುತ್ತದೆ. ಆಮೇಲೆ ಮನುಷ್ಯರ ಮುಖವಿರುವ ದೃಶ್ಯ ಹಾಕಿಸಿ ಪಕ್ಕಕ್ಕೆ ಸರಿದು ನಿಲ್ಲಿ. ಮುಖ ಬಿಳಿಚಿಕೊಂಡರೆ ಅದು ವಿಎ ಬಗೆಯ ಪ್ಯಾನೆಲ್ ಇರಬಹುದು. ಕಪ್ಪನ್ನು ಚೆನ್ನಾಗಿ ತೋರಿಸುತ್ತದೆ, ನೇರ ಎದುರು ಕೂರುವವರಿಗೆ ಒಳ್ಳೆಯದು. ಐಪಿಎಸ್ ಪ್ಯಾನೆಲ್ಲಾದರೆ ಪಕ್ಕದಿಂದಲೂ ಬಣ್ಣ ನಿಲ್ಲುತ್ತದೆ, ಕತ್ತಲ ಕೋಣೆಯಲ್ಲಿ ಕಪ್ಪು ಮಾತ್ರ ಬೂದುಬೂದಾಗಿ ಕಾಣುತ್ತದೆ. ಮನೆಯಲ್ಲಿ ನೀವೆಲ್ಲ ಎಲ್ಲೆಲ್ಲಿ ಕೂರುತ್ತೀರಿ ಎಂಬುದರ ಮೇಲೆ ಆರಿಸಿಕೊಳ್ಳಿ.

ಟಿವಿಯನ್ನು ತಿರುಗಿಸಿ ಬೆನ್ನಿನ ಚೀಟಿಯನ್ನೂ ಓದಿ. ತಯಾರಾದ ತಿಂಗಳು, ವರ್ಷ, ಪೂರ್ತಿ ಮಾಡೆಲ್ ನಂಬರ್ ಅಲ್ಲಿರುತ್ತವೆ. ಹೋದ ವರ್ಷದ ಮಾಡೆಲ್ ಈ ವರ್ಷ ಅಗ್ಗವಾಗಿದ್ದರೆ ಅದು ನಿಜವಾದ ಲಾಭ, ನಾನೂ ಹಾಗೆಯೇ ಕೊಂಡಿದ್ದೇನೆ. ಆದರೆ ರಿಯಾಯಿತಿ ಮಾರಾಟಕ್ಕೆಂದೇ ತಯಾರಿಸಿದ ಮಾಡೆಲ್‌ಗಳೂ ಇರುತ್ತವೆ. ಹೆಸರು, ರೂಪ ಅದೇ, ನಂಬರಿನ ಕೊನೆಯಲ್ಲಿ ಒಂದಕ್ಷರ ಬೇರೆ, ಒಳಗೆ ಒಂದು ಪೋರ್ಟ್ ಕಡಿಮೆ, ಬಲ್ಬುಗಳೂ ಕಡಿಮೆಯಿರಬಹುದು. ಇನ್ನು ಪ್ರದರ್ಶನಕ್ಕಿಟ್ಟಿದ್ದ ಟಿವಿಯನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಎಂದರೆ ಲೆಕ್ಕ ಹಾಕಿ: ದಿನಕ್ಕೆ ಹತ್ತು ಗಂಟೆಯಂತೆ ಒಂದು ವರ್ಷಕ್ಕೆ 3650 ಗಂಟೆ, ಅದೂ ಸಾಮಾನ್ಯವಾಗಿ ಪೂರ್ತಿ ಬೆಳಕಿನಲ್ಲಿ. ದಿನಕ್ಕೆ ನಾಲ್ಕು ಗಂಟೆ ನೋಡುವ ಮನೆಯಲ್ಲಿ ಅದು ಎರಡೂವರೆ ವರ್ಷದ ಬಳಕೆ.

ಹೆಸರಿಲ್ಲದ ಬ್ರ್ಯಾಂಡಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅವುಗಳ ಒಳಗೆ ಪವರ್, ಬ್ಯಾಕ್‌ಲೈಟ್ ಡ್ರೈವರ್, ಮೇನ್ ಬೋರ್ಡ್ ಮೂರೂ ಸೇರಿದ ಒಂದೇ ಕಾಂಬೊ ಬೋರ್ಡ್ ಹೆಚ್ಚಾಗಿ ಇರುತ್ತದೆ. ಅದು ಕೆಟ್ಟರೆ ಬೇರೆ ಬೇರೆ ಟಿವಿಗಳಿಗೆ ಹೊಂದುವ ಯೂನಿವರ್ಸಲ್ ಬೋರ್ಡ್ ಕೂರಿಸಿ ಅರ್ಧ ದಿನದಲ್ಲಿ ಟಿವಿ ಎಬ್ಬಿಸಬಹುದು. ದೊಡ್ಡ ಬ್ರ್ಯಾಂಡಿನ ಬೋರ್ಡು ಅದೇ ಮಾಡೆಲ್ಲಿನದೇ ಬೇಕು, ಐದು ವರ್ಷ ಕಳೆದರೆ ಸಿಗುವುದು ಕಷ್ಟ. ಆದರೂ ಕೊಳ್ಳುವ ಮೊದಲು ವಾರಂಟಿ ಕಾರ್ಡಿನಲ್ಲಿ ಪ್ಯಾನೆಲ್ಲಿಗೆ ಎಷ್ಟು ವರ್ಷ ಎಂದು ಬೇರೆಯಾಗಿ ಬರೆದಿದೆಯೇ, ಬ್ಯಾಕ್‌ಲೈಟ್ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಟಿವಿ ಬೇಡ.

ಆ ತಾಯಿಯ ಟಿವಿಗೆ ಸುಟ್ಟ ಬಲ್ಬೊಂದನ್ನೇ ಬದಲಿಸಲಿಲ್ಲ. ಉಳಿದವೂ ಅಷ್ಟೇ ಕಾದಿದ್ದವು, ಎಲ್ಲ ಪಟ್ಟಿಗಳನ್ನೂ ಹೊಸದು ಹಾಕಿದೆ. ಮೆನುವಿನಲ್ಲಿ ನೋಡಿದರೆ ಪಿಕ್ಚರ್ ಮೋಡ್ 'ವಿವಿಡ್', ಬ್ಯಾಕ್‌ಲೈಟ್ 100. ಪೆಟ್ಟಿಗೆಯಿಂದ ತೆಗೆದ ದಿನದಿಂದ ಹಾಗೇ ಓಡಿತ್ತು. ಮೋಡನ್ನು 'ಸ್ಟ್ಯಾಂಡರ್ಡ್' ಮಾಡಿ ಬ್ಯಾಕ್‌ಲೈಟನ್ನು 60ಕ್ಕೆ ಇಳಿಸಿದೆ.

"ಮಂಕಾಯ್ತಲ್ಲಪ್ಪಾ" ಅಂದರು.

ನನ್ನ ಮೇಜಿನ ಮೇಲಿನ ಎರಡು ಟ್ಯೂಬ್‌ಲೈಟ್‌ಗಳಲ್ಲಿ ಒಂದನ್ನು ಆರಿಸಿದೆ. "ಮನೇಲಿ ರಾತ್ರಿ ಬೆಳಕು ಇಷ್ಟೇ ಅಲ್ವಾ ಅಮ್ಮಾ? ಈಗ ನೋಡಿ."

ಅವರು ಸ್ಟೂಲಿನ ಮೇಲೆ ಕೂತು ಎರಡು ನಿಮಿಷ ನೋಡಿದರು. "ಇದೇ ಇರ್ಲಿ, ಕಣ್ಣಿಗೆ ತಂಪಾಗಿದೆ" ಎಂದರು. ಮಗ ಆ ಸೆಟ್ಟಿಂಗಿನ ಫೋಟೊ ತೆಗೆದುಕೊಂಡ.