ಮೂಲಪಾಪ: ಅದು ಏನು, ಏನಲ್ಲ

ಆಗ ತಾನೇ ಹುಟ್ಟಿದ ಕೂಸು ಏನು ಪಾಪ ಮಾಡಿರುತ್ತದೆ? ಮೂಲಪಾಪ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಏಳುವ ಪ್ರಶ್ನೆ ಇದು. ಕ್ರೈಸ್ತರಲ್ಲದವರು ಕೇಳುತ್ತಾರೆ. ಕ್ರೈಸ್ತರ ಮನೆಯ ಮಕ್ಕಳೂ ಕೇಳುತ್ತಾರೆ, ಎಷ್ಟೋ ಸಲ ಉತ್ತರ ಸಿಗದೆ ಸುಮ್ಮನಾಗುತ್ತಾರೆ.

ಉತ್ತರ ನೇರವಾಗಿಯೇ ಇದೆ: ಕೂಸು ಏನೂ ಮಾಡಿಲ್ಲ. 1992ರಲ್ಲಿ ಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಇದನ್ನು ಬಿಡಿಸಿಯೇ ಹೇಳುತ್ತದೆ. ಮೂಲಪಾಪ ಅನ್ನುವುದು ನಾವು ಮಾಡಿದ ಕೆಲಸ ಅಲ್ಲ, ನಾವು ಹುಟ್ಟಿ ಬಂದಿರುವ ಸ್ಥಿತಿ. ಕಳ್ಳತನ, ಸುಳ್ಳು, ಕೊಲೆ ಇವನ್ನೆಲ್ಲ ಪಾಪ ಅನ್ನುತ್ತೇವಲ್ಲ, ಆ ಅರ್ಥದಲ್ಲಿ ಇದು ಪಾಪವಲ್ಲ. ದೇವರಿಗೂ ಮನುಷ್ಯನಿಗೂ ನಡುವೆ ಇರಬೇಕಾಗಿದ್ದ ನಂಟು ಕಡಿದುಹೋಗಿದೆ, ಆ ಕಡಿದ ನಂಟಿನೊಳಗೇ ನಾವೆಲ್ಲ ಹುಟ್ಟುತ್ತೇವೆ, ಅದರಿಂದಾಗಿ ಒಳ್ಳೆಯದು ಯಾವುದೆಂದು ಗೊತ್ತಿದ್ದರೂ ಮನಸ್ಸು ಸ್ವಾರ್ಥದ ಕಡೆಗೇ ವಾಲುತ್ತದೆ. ಬೋಧನೆಯ ತಿರುಳು ಇಷ್ಟು.

ಇದಕ್ಕೆ ಜನ್ಮಪಾಪ ಅನ್ನುವ ಹೆಸರೂ ಬಳಕೆಯಲ್ಲಿದೆ. ಆ ಹೆಸರು ಕೇಳಿ ಕೆಲವರು ಹುಟ್ಟುವುದೇ ಪಾಪ, ಗಂಡಹೆಂಡಿರು ಕೂಡುವುದೇ ಪಾಪ ಅಂದುಕೊಂಡಿದ್ದಾರೆ. ಅದು ತಪ್ಪು. ಬೈಬಲಿನ ಮೊದಲ ಅಧ್ಯಾಯದಲ್ಲೇ ದೇವರು ಗಂಡುಹೆಣ್ಣನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿ, ಮಕ್ಕಳನ್ನು ಪಡೆಯಿರಿ ಎಂದು ಆಶೀರ್ವದಿಸುತ್ತಾನೆ. ಮಾಡಿದ್ದನ್ನೆಲ್ಲ ನೋಡಿ ಬಹಳ ಒಳ್ಳೆಯದು ಅನ್ನುತ್ತಾನೆ. ಮನುಷ್ಯನ ಬಗ್ಗೆ ಬೈಬಲ್ ಹೇಳುವ ಮೊದಲ ಮಾತು ಪಾಪಿ ಅಂತ ಅಲ್ಲ. ಇದನ್ನು ಮರೆತು ಮೂಲಪಾಪದ ಮಾತು ಶುರು ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ.

ಈಗ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 3ನೇ ಅಧ್ಯಾಯ. ಕಥೆ ಎಲ್ಲರಿಗೂ ಗೊತ್ತಿದೆ: ಮೊದಲ ಗಂಡುಹೆಣ್ಣಾದ ಆದಾಮ ಮತ್ತು ಹವ್ವ, ತೋಟ, ಸರ್ಪ, ತಿನ್ನಬಾರದ ಹಣ್ಣು. ಅದು ಸೇಬು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ, ಚಿತ್ರ ಬರೆದವರು ಸೇಬು ಮಾಡಿದರು. ಹಣ್ಣು ಮುಖ್ಯವಲ್ಲ. ಸರ್ಪ ಹೇಳುವ ಮಾತು ಮುಖ್ಯ. ಇದನ್ನು ತಿಂದರೆ ನೀವೂ ದೇವರಂತೆ ಆಗುತ್ತೀರಿ, ಅದು ಅವನಿಗೆ ಗೊತ್ತು, ಅದಕ್ಕೇ ಬೇಡ ಅಂದಿದ್ದಾನೆ ಎಂದು ಸರ್ಪ ಹೇಳುತ್ತದೆ. ಅಂದರೆ, ದೇವರು ನಿಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ, ಅವನನ್ನು ನಂಬಬೇಡಿ ಅಂತ. ಬೇರು ಇರುವುದು ಅಲ್ಲಿ, ಆ ಅಪನಂಬಿಕೆಯಲ್ಲಿ. ತಿನ್ನುವುದು ಆಮೇಲಿನ ಮಾತು.

ತಿಂದ ಮೇಲೆ ಏನಾಯಿತು ನೋಡಿ. ಬೆತ್ತಲೆ ಇದ್ದೇವೆಂದು ನಾಚಿದರು. ದೇವರ ಸಪ್ಪಳ ಕೇಳಿ ಮರಗಳ ನಡುವೆ ಬಚ್ಚಿಟ್ಟುಕೊಂಡರು. ಎಲ್ಲಿದ್ದೀಯ ಎಂದು ದೇವರು ಕರೆದ. ಏನು ಮಾಡಿದೆ ಎಂದು ಕೇಳಿದರೆ ಆದಾಮ ಹೆಂಡತಿಯ ಕಡೆ ಬೆರಳು ತೋರಿಸಿದ, ಅದೂ ಸುಮ್ನೆ ಅಲ್ಲ, ನೀನೇ ಕೊಟ್ಟ ಹೆಣ್ಣು ಎಂದು ದೇವರ ಮೇಲೂ ಅರ್ಧ ತಪ್ಪು ಹೊರಿಸಿದ. ಹವ್ವ ಸರ್ಪದ ಕಡೆ ತೋರಿಸಿದಳು. ನಾಚಿಕೆ, ಭಯ, ಬಚ್ಚಿಟ್ಟುಕೊಳ್ಳುವುದು, ಇನ್ನೊಬ್ಬರ ಮೇಲೆ ಹಾಕುವುದು. ಇವು ಯಾವ ಮನೆಯಲ್ಲಿ ಇಲ್ಲ? ಮುಂದಿನ ಅಧ್ಯಾಯದಲ್ಲೇ ಅವರ ಮಕ್ಕಳಲ್ಲಿ ಅಣ್ಣ ಕಾಯಿನ ತಮ್ಮ ಹೇಬೆಲನನ್ನು ಕೊಲ್ಲುತ್ತಾನೆ. ಬೈಬಲಿನಲ್ಲಿ ಪಾಪ ಅನ್ನುವ ಪದ ಮೊದಲ ಸಲ ಬರುವುದು ಕೂಡ ಅಲ್ಲೇ, 4ನೇ ಅಧ್ಯಾಯದ 7ನೇ ವಚನದಲ್ಲಿ. ತೋಟದ ಕಥೆಯಲ್ಲಿ ಆ ಪದವೇ ಇಲ್ಲ. ಪಾಪ ಬಾಗಿಲಲ್ಲಿ ಹೊಂಚುತ್ತಿದೆ, ನೀನು ಅದನ್ನು ಗೆಲ್ಲಬೇಕು ಎಂದು ದೇವರು ಕಾಯಿನನಿಗೆ ಮೊದಲೇ ಎಚ್ಚರಿಸಿದ್ದ. ಕಾಯಿನ ಗೆಲ್ಲಲಿಲ್ಲ.

ಮೂಲಪಾಪ ಅನ್ನುವ ಪದ ಮಾತ್ರ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಅದರ ಬೀಜ ಮೊದಲ ಕಾಲದ ಕ್ರೈಸ್ತ ಬೋಧಕ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿದೆ. ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಸಾವು ಬಂತು, ಎಲ್ಲರೂ ಪಾಪ ಮಾಡಿದ್ದರಿಂದ ಸಾವು ಎಲ್ಲರಿಗೂ ಹಬ್ಬಿತು ಎಂದು ಪೌಲ ಬರೆಯುತ್ತಾನೆ. ಅದೇ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಅವನು ತನ್ನ ಒಳಗಿನ ಕಿತ್ತಾಟ ಬಿಚ್ಚಿಡುತ್ತಾನೆ: ಮಾಡಬೇಕೆಂದು ಬಯಸುವ ಒಳ್ಳೆಯದನ್ನು ಮಾಡುವುದಿಲ್ಲ, ಬೇಡವೆಂದುಕೊಂಡ ಕೆಟ್ಟದ್ದನ್ನೇ ಮಾಡುತ್ತೇನೆ. ಸಿಟ್ಟು ಮಾಡಿಕೊಳ್ಳಬಾರದು ಎಂದು ಬೆಳಗ್ಗೆ ನಿಶ್ಚಯ ಮಾಡಿ ತಿಂಡಿಯ ಹೊತ್ತಿಗೇ ಕೂಗಾಡಿದವರಿಗೆ ಈ ಅಧ್ಯಾಯಕ್ಕೆ ವಿವರಣೆ ಬೇಕಾಗಿಲ್ಲ.

ಈ ಬೀಜವನ್ನು ಪೂರ್ತಿ ಬೋಧನೆಯಾಗಿ ಬೆಳೆಸಿದ್ದು ಅಗಸ್ಟೀನ್. ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಊರಿನಲ್ಲಿ, ಅದು ಈಗಿನ ಅಲ್ಜೀರಿಯದಲ್ಲಿದೆ. ಆಮೇಲೆ ಹಿಪ್ಪೊ ಪಟ್ಟಣದ ಬಿಷಪ್ ಆದ. ತನ್ನ ಬದುಕನ್ನು ದೇವರ ಮುಂದೆ ಹೇಳಿಕೊಂಡ ಕನ್ಫೆಶನ್ಸ್ ಪುಸ್ತಕದಲ್ಲಿ ಅವನು 16 ವರ್ಷದವನಿದ್ದಾಗಿನ ಒಂದು ಕಳ್ಳತನ ಬರೆದಿದ್ದಾನೆ. ಗೆಳೆಯರ ಗುಂಪು ಕಟ್ಟಿಕೊಂಡು ರಾತ್ರಿ ಹೊತ್ತು ಒಂದು ಪೇರ್ ಮರದ ಕಾಯಿಗಳನ್ನೆಲ್ಲ ಉದುರಿಸಿ ಹೊತ್ತುಕೊಂಡು ಹೋದರು. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣು ಇತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಮತ್ತೆ ಯಾಕೆ ಕದ್ದೆ ಎಂದು ಅವನು ಪುಟಗಟ್ಟಲೆ ತನ್ನನ್ನೇ ಕೇಳಿಕೊಳ್ಳುತ್ತಾನೆ. ಮಾಡಬಾರದು ಅನ್ನುವ ಕಾರಣಕ್ಕೇ ಮಾಡಬೇಕು ಅನ್ನಿಸಿತು, ಅಷ್ಟೇ. ಯಾರೂ ಹೇಳಿಕೊಡದ ಈ ಬಯಕೆ ಎಲ್ಲಿಂದ ಬಂತು? ಅವನ ಎಲ್ಲ ಬರಹದ ಹಿಂದೆ ಈ ಪ್ರಶ್ನೆ ಇದೆ ಅಂತ ನನಗೆ ಅನ್ನಿಸುತ್ತದೆ.

ಅವನಿಗೆ ಎದುರಾಗಿ ನಿಂತವನು ಪೆಲಾಜಿಯಸ್. ಬ್ರಿಟನ್ನಿನಿಂದ ಬಂದು ರೋಮ್‌ನಲ್ಲಿ ನೆಲೆಸಿದ್ದ ಶಿಸ್ತಿನ ಸನ್ಯಾಸಿ. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದರೆ ಪಾಲಿಸುವ ಶಕ್ತಿಯನ್ನೂ ಕೊಟ್ಟಿರಲೇಬೇಕು, ಹುಟ್ಟುವಾಗ ಎಲ್ಲರೂ ಆದಾಮನಷ್ಟೇ ಸ್ವಚ್ಛ, ಪಾಪ ಕಲಿಯುವುದು ಇನ್ನೊಬ್ಬರನ್ನು ನೋಡಿ ಅಂತ ಅವನ ವಾದ. ಮಗು ಮನೆಮಾತನ್ನು ಕಲಿತ ಹಾಗೆ ಕೆಟ್ಟದ್ದನ್ನೂ ಸುತ್ತಲಿನವರಿಂದ ಕಲಿಯುತ್ತದೆ ಅಂದರೆ ಪೆಲಾಜಿಯಸ್ ಒಪ್ಪಿಕೊಂಡಾನು. ಅಗಸ್ಟೀನ್ ಒಪ್ಪುವುದಿಲ್ಲ. ಕಲಿಯುವುದಕ್ಕೆ ಮೊದಲೇ ಆ ಕಡೆ ವಾಲಿಕೆ ಇದೆ, ಮನುಷ್ಯನ ಇಚ್ಛೆಗೇ ಪೆಟ್ಟು ಬಿದ್ದಿದೆ, ಒಳ್ಳೆಯದನ್ನು ಬಯಸುವುದಕ್ಕೂ ದೇವರ ಕೃಪೆ ಬೇಕು ಅನ್ನುತ್ತಾನೆ. 418ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು.

ಪೆಲಾಜಿಯಸ್ ಹೇಳಿದ್ದು ಮೇಲ್ನೋಟಕ್ಕೆ ಜಾಸ್ತಿ ನ್ಯಾಯವಾಗಿ ಕಾಣುತ್ತದೆ, ಅಲ್ವಾ? ಒಪ್ಪುತ್ತೇನೆ. ಆದರೆ ಅವನ ದಾರಿಯಲ್ಲಿ ಸೋತವನಿಗೆ ಜಾಗವಿಲ್ಲ. ನಿನ್ನ ಕೈಯಲ್ಲಿ ಆಗುತ್ತಿತ್ತು, ನೀನು ಮಾಡಲಿಲ್ಲ, ಮುಗಿಯಿತು. ಕುಡಿತ ಬಿಡಲಾಗದೆ ಒದ್ದಾಡುವವನಿಗೆ, ಬಿಟ್ಟು ಮತ್ತೆ ಬಿದ್ದವನಿಗೆ ಅದಕ್ಕಿಂತ ಭಾರವಾದ ಮಾತು ಬೇರೊಂದಿಲ್ಲ. ಅಗಸ್ಟೀನನ ಬೋಧನೆ ಕಠಿಣವಾಗಿ ಕಂಡರೂ ಅಂಥವನ ಪಕ್ಕ ಬಂದು ಕೂರುತ್ತದೆ. ನಿನ್ನ ಬಲದಿಂದ ಆಗುವುದಿಲ್ಲ, ನನ್ನ ಬಲದಿಂದಲೂ ಆಗುವುದಿಲ್ಲ, ಇಬ್ಬರೂ ಕೇಳಿಕೊಳ್ಳೋಣ ಅನ್ನುತ್ತದೆ.

ಅಗಸ್ಟೀನ್ ಹೇಳಿದ್ದನ್ನೆಲ್ಲ ಎಲ್ಲ ಕ್ರೈಸ್ತ ಸಭೆಗಳೂ, ಅಂದರೆ ಪಂಗಡಗಳೂ, ಒಪ್ಪಿಲ್ಲ. ಅವನು ಓದಿದ ಲ್ಯಾಟಿನ್ ಬೈಬಲಿನಲ್ಲಿ ರೋಮಾಪುರದವರಿಗೆ 5:12 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂದು ಓದುವಂತಿತ್ತು. ಗ್ರೀಕ್ ಮೂಲದಲ್ಲಿ ಇರುವುದು 'ಎಲ್ಲರೂ ಪಾಪ ಮಾಡಿದ್ದರಿಂದ' ಅನ್ನುವ ಅರ್ಥ ಎಂದು ಈಗಿನ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಗ್ರೀಕ್ ಓದುವ ಪೂರ್ವದ ಆರ್ಥಡಾಕ್ಸ್ ಸಭೆಗಳು ಆದಾಮನ ತಪ್ಪಿನ ಹೊಣೆ ನಮಗೆ ಬರುವುದಿಲ್ಲ, ಸಾವು ಮತ್ತು ಕೆಟ್ಟುಹೋದ ಸ್ವಭಾವ ಬರುತ್ತದೆ ಎಂದು ಕಲಿಸುತ್ತವೆ. ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಸುಧಾರಕ ಲೂಥರನ ಕಡೆಯವರು 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ, ಮನುಷ್ಯರು ಹುಟ್ಟುವಾಗಲೇ ದೇವರ ಭಯವಿಲ್ಲದೆ, ದೇವರಲ್ಲಿ ಭರವಸೆಯಿಲ್ಲದೆ, ದುರಾಶೆಯೊಡನೆ ಹುಟ್ಟುತ್ತಾರೆ ಎಂದು ಬರೆದರು. ಕ್ಯಾಥೊಲಿಕ್ ಸಭೆ ತನ್ನ ಬಿಷಪ್‌ಗಳನ್ನು ಕೂಡಿಸಿ 1546ರಲ್ಲಿ ಟ್ರೆಂಟ್‌ನಲ್ಲಿ ಉತ್ತರ ಕೊಟ್ಟಿತು: ದೀಕ್ಷಾಸ್ನಾನದಿಂದ, ಅಂದರೆ ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿಯಿಂದ, ಮೂಲಪಾಪ ತೊಲಗುತ್ತದೆ, ಆಸೆಯ ಎಳೆತ ಉಳಿಯುತ್ತದೆ, ಆದರೆ ಆ ಎಳೆತಕ್ಕೆ ಒಪ್ಪದಿದ್ದರೆ ಅದು ಪಾಪವಲ್ಲ. ಇನ್ನೊಬ್ಬ ಸುಧಾರಕ ಕ್ಯಾಲ್ವಿನನ ಹಾದಿಯವರು ಮನುಷ್ಯ ಪೂರ್ತಿ ಕೆಟ್ಟಿದ್ದಾನೆ ಅನ್ನುತ್ತಾರೆ. ಅದರರ್ಥ ಎಲ್ಲರೂ ರಾಕ್ಷಸರು ಅಂತ ಅಲ್ಲ. ಬುದ್ಧಿ, ಇಚ್ಛೆ, ಭಾವನೆ ಯಾವುದೂ ಪೆಟ್ಟು ತಿನ್ನದೆ ಉಳಿದಿಲ್ಲ ಅಂತ.

ನಮ್ಮಲ್ಲಿ ಜಾಸ್ತಿ ಆಗುವ ಗೊಂದಲ ಇನ್ನೊಂದು. ಮೂಲಪಾಪ ಅಂದರೆ ಪೂರ್ವಜನ್ಮದ ಕರ್ಮದ ಹಾಗೆ ಅಲ್ವಾ ಎಂದು ಕೇಳುತ್ತಾರೆ. ಅಲ್ಲ. ಕರ್ಮದಲ್ಲಿ ಒಬ್ಬೊಬ್ಬರ ಲೆಕ್ಕ ಬೇರೆ, ಅವರವರು ಮಾಡಿದ್ದು ಅವರವರಿಗೆ. ಮೂಲಪಾಪದಲ್ಲಿ ಬೇರೆ ಬೇರೆ ಲೆಕ್ಕವೇ ಇಲ್ಲ, ಎಲ್ಲರ ಸ್ಥಿತಿಯೂ ಒಂದೇ. ಹಾಗಾಗಿ ಒಬ್ಬನ ಕಷ್ಟಕ್ಕೆ, ಕಾಯಿಲೆಗೆ, ಬಡತನಕ್ಕೆ ಅದನ್ನು ಕಾರಣ ಕೊಡುವ ಹಾಗಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಎಂದು ಯೇಸು ಹೇಳುತ್ತಾನೆ. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದೂ ಹೇಳಿದ್ದಾನೆ, ಅದು ಲೂಕನ ಸುವಾರ್ತೆಯ 13ನೇ ಅಧ್ಯಾಯ. ತಂದೆ ಹುಳಿ ದ್ರಾಕ್ಷಿ ತಿಂದರೆ ಮಗನ ಹಲ್ಲು ಜುಮ್ಮೆನ್ನುತ್ತದೆ ಎಂಬ ಗಾದೆಯನ್ನು ಇನ್ನು ಮುಂದೆ ಎತ್ತಲೇಬೇಡಿ ಎಂದು ಯೆಹೆಜ್ಕೇಲ ಪ್ರವಾದಿ ಅದಕ್ಕೂ ಎಷ್ಟೋ ಮೊದಲು ಬರೆದ. ಇಷ್ಟೆಲ್ಲ ಇದ್ದೂ, ಅಂಗವಿಕಲ ಮಗುವಿನ ತಾಯಿಗೆ ಇದು ನಿಮ್ಮ ಪಾಪದ ಫಲ ಎಂದು ಹೇಳುವ ಬೋಧಕರು ಇದ್ದಾರೆ. ಅವರು ಬೈಬಲ್ ಹೇಳುತ್ತಿಲ್ಲ. ಆ ತಾಯಿ ಅದನ್ನು ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ.

ಎಲ್ಲರ ಸ್ಥಿತಿಯೂ ಒಂದೇ ಅನ್ನುವ ಮಾತಿಗೆ ನಮ್ಮ ನಾಡಿನಲ್ಲಿ ಇನ್ನೊಂದು ತೂಕ ಇದೆ. ಹುಟ್ಟಿನಿಂದ ಕೆಲವರು ಶುದ್ಧ, ಕೆಲವರು ಮೈಲಿಗೆ ಎಂದು ನಂಬಿಕೊಂಡು ಬಂದ ಸಮಾಜ ನಮ್ಮದು. ಮೂಲಪಾಪದ ಬೋಧನೆ ಆ ಏಣಿಯನ್ನೇ ಕಿತ್ತುಹಾಕುತ್ತದೆ. ಹುಟ್ಟಿನಿಂದ ಯಾರೂ ಇನ್ನೊಬ್ಬರಿಗಿಂತ ಶುದ್ಧರಲ್ಲ. ಪೋಪ್ ಆಗಲಿ, ಸಭಾಪಾಲಕರಾಗಲಿ, ಕೂಲಿಯವರಾಗಲಿ ದೇವರ ಮುಂದೆ ಒಂದೇ ನೆಲದ ಮೇಲೆ ನಿಲ್ಲುತ್ತಾರೆ. ಈ ಬೋಧನೆಯನ್ನು ಬಾಯಲ್ಲಿ ಹೇಳುತ್ತಲೇ ಮದುವೆಯ ಮಾತು ಬಂದಾಗ ಜಾತಿ ವಿಚಾರಿಸುವ ಕ್ರೈಸ್ತರಿದ್ದಾರೆ, ಜಾತಿಗೊಂದು ಸಮಾಧಿ ಜಾಗ ಇಟ್ಟುಕೊಂಡ ಊರುಗಳೂ ದಕ್ಷಿಣ ಭಾರತದಲ್ಲಿವೆ. ನನಗೆ ಇದು ಬರೀ ಸಾಮಾಜಿಕ ತಪ್ಪಲ್ಲ, ನಂಬಿಕೆಯನ್ನೇ ಅಲ್ಲಗಳೆಯುವ ತಪ್ಪು. ಮೂಲಪಾಪ ನಂಬುತ್ತೇನೆ ಅನ್ನುವವನಿಗೆ ಜಾತಿ ಹೇಳಿಕೊಳ್ಳುವ ಹಕ್ಕಿಲ್ಲ.

ಪೌಲನ 5ನೇ ಅಧ್ಯಾಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಎಷ್ಟೋ ಜನ 12ನೇ ವಚನದಲ್ಲೇ ನಿಂತುಬಿಡುತ್ತಾರೆ. ಅಧ್ಯಾಯ 21ನೇ ವಚನದವರೆಗೆ ಹೋಗುತ್ತದೆ. ಪೌಲ ಆದಾಮನನ್ನು ಕರೆತಂದಿರುವುದೇ ಕ್ರಿಸ್ತನನ್ನು ತೋರಿಸುವುದಕ್ಕೆ. ಒಬ್ಬನಿಂದ ಎಲ್ಲರಿಗೂ ಸಾವು ಬಂದಿರುವಾಗ ಇನ್ನೊಬ್ಬನಿಂದ ಎಲ್ಲರಿಗೂ ಕೃಪೆ ಇನ್ನೆಷ್ಟು ಹೆಚ್ಚಾಗಿ ಬರಬೇಡ ಎಂದು ಅವನು ಕೇಳುತ್ತಾನೆ. ಆ 'ಇನ್ನೆಷ್ಟೋ ಹೆಚ್ಚು' ಅನ್ನುವುದು ಮತ್ತೆ ಮತ್ತೆ ಬರುತ್ತದೆ. ಪಾಪ ಹೆಚ್ಚಿದಲ್ಲಿ ಕೃಪೆ ಅದಕ್ಕಿಂತ ಹೆಚ್ಚಿತು ಅನ್ನುವುದು 20ನೇ ವಚನ. ಪೌಲ ಮೊದಲು ಆದಾಮನ ಬಗ್ಗೆ ಯೋಚಿಸಿ ಆಮೇಲೆ ಕ್ರಿಸ್ತನಿಗೆ ಬಂದವನಲ್ಲ. ಕ್ರೈಸ್ತರನ್ನು ಹಿಡಿಯಲು ದಮಸ್ಕ ಪಟ್ಟಣಕ್ಕೆ ಹೊರಟಿದ್ದ ದಾರಿಯಲ್ಲಿ ಅವನಿಗೆ ಮೊದಲು ಕ್ರಿಸ್ತನ ದರ್ಶನ ಸಿಕ್ಕಿತು. ತಾನು ಎಂಥ ಸ್ಥಿತಿಯಲ್ಲಿದ್ದೆ ಎಂದು ಗೊತ್ತಾಗಿದ್ದು ಆಮೇಲೆ. ಹಾಗಾಗಿ ಕೃಪೆಯ ಮಾತಿಲ್ಲದೆ ಬರೀ ಮೂಲಪಾಪ ಬೋಧಿಸುವುದು, ಹೆದರಿಸಿ ಜನ ಸೇರಿಸುವುದು, ಪೌಲನ ದಾರಿಯಂತೂ ಅಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಅವನು ಇನ್ನೂ ಬಿಚ್ಚಿ ಹೇಳುತ್ತಾನೆ: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಈಸ್ಟರ್ ಹಿಂದಿನ ರಾತ್ರಿ ಕ್ಯಾಥೊಲಿಕ್ ಗುಡಿಗಳಲ್ಲಿ ದೊಡ್ಡ ಮೇಣದ ಬತ್ತಿಯ ಮುಂದೆ ಹಾಡುವ ಸ್ತುತಿಯಲ್ಲಿ ಆದಾಮನ ತಪ್ಪನ್ನು ಭಾಗ್ಯದ ತಪ್ಪು ಎಂದೇ ಕರೆಯುತ್ತಾರೆ, ಇಂಥ ವಿಮೋಚಕನನ್ನು ತಂದುಕೊಟ್ಟಿತಲ್ಲ ಅಂತ. ಮೂಲಪಾಪದ ಬಗ್ಗೆ ನೂರು ಉಪದೇಶ ಹೇಳದ್ದನ್ನು ಆ ಒಂದು ಸಾಲು ಹೇಳುತ್ತದೆ.

ಇನ್ನು ಕೂಸಿನ ಪ್ರಶ್ನೆಯ ಉಳಿದ ಅರ್ಧ. ದೀಕ್ಷಾಸ್ನಾನ ಆಗುವ ಮೊದಲೇ ಮಗು ತೀರಿಕೊಂಡರೆ? ಅಗಸ್ಟೀನ್ ಇಲ್ಲಿ ಬಹಳ ಕಠಿಣವಾದ: ಅಂಥ ಮಕ್ಕಳಿಗೂ ಶಿಕ್ಷೆ ಇದೆ, ಆದರೆ ತೀರಾ ಹಗುರವಾದದ್ದು ಎಂದ. ಮಧ್ಯಯುಗದಲ್ಲಿ ಆ ಮಾತನ್ನು ತಗ್ಗಿಸಿ, ನೋವಿಲ್ಲದ, ಆದರೆ ದೇವರ ದರ್ಶನವೂ ಇಲ್ಲದ ಲಿಂಬೊ ಅನ್ನುವ ಜಾಗ ಕಲ್ಪಿಸಿದರು. ಲಿಂಬೊ ಯಾವತ್ತೂ ನಂಬಲೇಬೇಕಾದ ಬೋಧನೆ ಆಗಿರಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಇಂಥ ಮಕ್ಕಳು ರಕ್ಷಣೆ ಹೊಂದುತ್ತಾರೆ ಎಂದು ನಿರೀಕ್ಷಿಸುವುದಕ್ಕೆ ಗಟ್ಟಿಯಾದ ಕಾರಣಗಳಿವೆ ಎಂದು ಬರೆಯಿತು. ಅವರನ್ನು ದೇವರ ಕರುಣೆಗೆ ಒಪ್ಪಿಸಬೇಕು ಎಂದು ಧರ್ಮೋಪದೇಶ ಗ್ರಂಥವೂ ಹೇಳುತ್ತದೆ, ಮಕ್ಕಳನ್ನು ನನ್ನ ಹತ್ತಿರ ಬರಗೊಡಿಸಿರಿ ಎಂದ ಯೇಸುವಿನ ಮಾತನ್ನೇ ಆಧಾರ ಕೊಡುತ್ತದೆ. ಮಕ್ಕಳಿಗೆ ದೀಕ್ಷಾಸ್ನಾನ ಕೊಡದ ಬ್ಯಾಪ್ಟಿಸ್ಟ್ ಪಂಗಡದವರಲ್ಲೂ ಚಿಕ್ಕಂದಿನಲ್ಲೇ ಹೋದ ಮಕ್ಕಳು ದೇವರ ಬಳಿ ಇದ್ದಾರೆ ಎಂಬ ನಂಬಿಕೆ ಸಾಮಾನ್ಯ. ದೀಕ್ಷಾಸ್ನಾನವಾಗದ ಮಗುವಿಗೆ ಅಂತ್ಯಕ್ರಿಯೆಯ ಪ್ರಾರ್ಥನಾವಿಧಿ ಕ್ಯಾಥೊಲಿಕ್ ಪೂಜಾವಿಧಿಯಲ್ಲೇ ಇದೆ. ಹಾಗೆ ಮಗು ಕಳೆದುಕೊಂಡ ಮನೆಯವರು ನಿಮಗೆ ಗೊತ್ತಿದ್ದರೆ, ಆ ವಿಧಿ ಇದೆ, ಗುರುಗಳ ಹತ್ತಿರ ಹೋಗಿ ಕೇಳಬಹುದು ಎಂದು ದಯವಿಟ್ಟು ಅವರಿಗೆ ತಿಳಿಸಿ.